ಊರು ಬಿಟ್ಟವರಿಗೂ ಎರಡು ಕುರ್ಚಿ

ನನ್ನ ಜತೆ ನೈಟ್ ಶಿಫ್ಟ್ ಮಾಡುವ ಹೆಂಗಸೊಬ್ಬರಿದ್ದಾರೆ. ಐವತ್ತು ದಾಟಿದೆ. ಉತ್ತರದ ಹಿಮನಾಡಿನ ಮೂಲನಿವಾಸಿಗಳಾದ ಇನುಯಿಟ್ ಜನ, ಊರು ಹೋಪ್‌ಡೇಲ್. ನಾವಿರುವುದು ಕೆನಡಾದ ಪೂರ್ವ ತುದಿಯ ಸೇಂಟ್ ಜಾನ್ಸ್‌ನಲ್ಲಿ. ಇಲ್ಲಿನ ಚಳಿಗೇ ನಾನು ಗೊಣಗುತ್ತಿರುತ್ತೇನೆ. ಅವರ ಊರು ಇನ್ನೂ ಎಷ್ಟೋ ಉತ್ತರಕ್ಕೆ, ಲ್ಯಾಬ್ರಡಾರ್ ಕರಾವಳಿಯಲ್ಲಿದೆ. ಅಲ್ಲಿಗೆ ರಸ್ತೆಯೇ ಇಲ್ಲ. ಸಮುದ್ರ ಹೆಪ್ಪುಗಟ್ಟದ ತಿಂಗಳುಗಳಲ್ಲಿ ಹಡಗು, ಉಳಿದಂತೆ ಪುಟ್ಟ ವಿಮಾನ. ಐಸ್ ಗಟ್ಟಿಯಾದ ಮೇಲೆ ಸ್ನೋಮೊಬೈಲ್.

ರಾತ್ರಿ ಎರಡು ಗಂಟೆಗೆ ಟೀ ಬ್ರೇಕ್. ಅವರು ಫೋನ್ ತೆಗೆದು ಊರಿನ ಸುದ್ದಿ ನೋಡುತ್ತಾರೆ, ನಾನು ಪ್ರಜಾವಾಣಿ ನೋಡುತ್ತೇನೆ. ಮೊನ್ನೆ ಸುಮ್ನೆ ಬಗ್ಗಿ ಅವರ ಫೋನ್ ನೋಡಿದೆ. ಐಸ್ ಇನ್ನೂ ಸರಿದಿಲ್ಲ, ಸರಕಿನ ಹಡಗು ತಡ. ಊರಿನ ಫ್ರೀಜರ್‌ಗೆ ಚಾರ್ ಮೀನು ಬಂದಿದೆ, ಹಿರಿಯರು ಬಂದು ತೆಗೆದುಕೊಂಡು ಹೋಗಬಹುದು. ಮನೆ ರಿಪೇರಿಗೆ ಅರ್ಜಿ ಹಾಕಿ. ಯಾವುದೋ ಸಮಿತಿಗೆ ಹೆಸರು ಕೊಡಿ. ‘ಇದೇನು, ನಮ್ಮ ಪಂಚಾಯ್ತಿ ನೋಟಿಸ್ ಬೋರ್ಡ್ ಇದ್ದಂಗಿದೆಯಲ್ಲ’ ಅಂದೆ. ಅವರು ನಕ್ಕರು. ‘ಇದು ನಮ್ಮ ಸರ್ಕಾರ. ನಾನೂ ವೋಟು ಹಾಕಿದ್ದೇನೆ’ ಅಂದರು.

ಇಲ್ಲಿದ್ದುಕೊಂಡಾ?

ಹೌದು, ಇಲ್ಲಿದ್ದುಕೊಂಡೇ. ಊರು ಬಿಟ್ಟು ಇಪ್ಪತ್ತು ವರ್ಷ ಆದ ಮೇಲೂ.

ಅವತ್ತಿಂದ ನನಗೆ ಇದೊಂದು ಹುಚ್ಚು ಹಿಡಿದಿದೆ. ಸಿಕ್ಕಿದ್ದೆಲ್ಲ ಓದಿದೆ, ಅವರನ್ನು ಪೀಡಿಸಿ ಕೇಳಿದೆ. ಈಗ ನಿಮ್ಮ ತಲೆ ತಿನ್ನುವ ಸರದಿ.

ಅವರ ಸರ್ಕಾರದ ಹೆಸರು ನುನಾತ್ಸಿಯಾವುತ್. ಅವರ ಭಾಷೆಯಲ್ಲಿ ‘ನಮ್ಮ ಚೆಂದದ ನಾಡು’ ಅಂತ ಅರ್ಥ. ನೈನ್, ಹೋಪ್‌ಡೇಲ್, ಮಕೋವಿಕ್, ಪೋಸ್ಟ್‌ವಿಲ್, ರಿಗೊಲೆಟ್ ಅಂತ ಐದೇ ಊರು. ಎಲ್ಲ ಸೇರಿದರೂ ಎರಡೂವರೆ ಸಾವಿರದ ಆಸುಪಾಸು ಜನ, ನಮ್ಮ ಕಡೆ ಒಂದು ದೊಡ್ಡ ಮದುವೆಗೆ ಸೇರುವಷ್ಟು. ಆದರೆ ಕೆನಡಾ ಜತೆ ಇವರು ಮಾಡಿಕೊಂಡ ಒಪ್ಪಂದದ ವ್ಯಾಪ್ತಿಗೆ ಬರುವ ನೆಲ 72,520 ಚದರ ಕಿಲೋಮೀಟರ್, ಅಂದರೆ ಕರ್ನಾಟಕದ ಮೂರನೇ ಒಂದು ಭಾಗಕ್ಕಿಂತ ಜಾಸ್ತಿ. ಅದರಲ್ಲಿ ಸುಮಾರು 15,800 ಚದರ ಕಿಲೋಮೀಟರ್ ಇನುಯಿಟ್ ಜನರ ಸ್ವಂತ ಒಡೆತನದ್ದು. ಇದು ಯಾರೋ ದಾನ ಕೊಟ್ಟಿದ್ದಲ್ಲ. 1973ರಲ್ಲಿ ಸಂಘ ಕಟ್ಟಿದರು, 1977ರಲ್ಲಿ ‘ಈ ನೆಲ ನಮ್ಮದು’ ಅಂತ ಅರ್ಜಿ ಹಾಕಿದರು. ಒಪ್ಪಂದಕ್ಕೆ ಸಹಿ ಬಿದ್ದಿದ್ದು 2005ರ ಜನವರಿ 22ಕ್ಕೆ, ನೈನ್‌ನಲ್ಲಿ. ಇಪ್ಪತ್ತೆಂಟು ವರ್ಷ! ಅದೂ ಇಷ್ಟು ಬೇಗ ಆಗುತ್ತಿರಲಿಲ್ಲವೇನೋ. ನಡುವೆ 1993ರಲ್ಲಿ ನೈನ್ ಹತ್ತಿರದ ವಾಯ್ಸೀಸ್ ಬೇಯಲ್ಲಿ ನಿಕ್ಕಲ್ ಸಿಕ್ಕಿತು. ನೆಲ ಯಾರದು ಅಂತ ಇತ್ಯರ್ಥ ಆಗದೆ ಗಣಿ ನಡೆಸುವುದು ಕಷ್ಟ ಅಂತ ಗೊತ್ತಾದ ಮೇಲೆ ಮಾತುಕತೆಯ ಕಡತಕ್ಕೆ ಕಾಲು ಬಂತು. ಆ ಗಣಿಯಿಂದ ನ್ಯೂಫೌಂಡ್‌ಲ್ಯಾಂಡ್ ಮತ್ತು ಲ್ಯಾಬ್ರಡಾರ್ ಪ್ರಾಂತ್ಯದ ಸರ್ಕಾರಕ್ಕೆ ಬರುವ ಆದಾಯದಲ್ಲಿ ಈಗ ಶೇ 5 ಇವರಿಗೆ.

ನಾನು ಹೇಳಬೇಕಾದ್ದು ಕುರ್ಚಿಗಳ ವಿಷಯ.

ಈ ಸರ್ಕಾರದ ಸದಸ್ಯರ ಪಟ್ಟಿಯಲ್ಲಿ ಏಳು ಸಾವಿರಕ್ಕೂ ಜಾಸ್ತಿ ಜನ ಇದ್ದಾರೆ. ಅವರಲ್ಲಿ ಐದು ಊರುಗಳಲ್ಲೇ ಉಳಿದವರು ಮೂರನೇ ಒಂದು ಪಾಲಿನಷ್ಟು. ಈ ಐದೂರಿನ ಆಚೆ, ಲ್ಯಾಬ್ರಡಾರ್‌ನಲ್ಲೇ ಇರುವ ಹ್ಯಾಪಿ ವ್ಯಾಲಿ–ಗೂಸ್ ಬೇ ಪಟ್ಟಣದ ಸುತ್ತಮುತ್ತ ಒಂದು ದೊಡ್ಡ ಗುಂಪು, ಮಿಕ್ಕವರು ಕೆನಡಾ ತುಂಬಾ ಚೆದುರಿದ್ದಾರೆ. ಶಾಸನಸಭೆಯಲ್ಲಿ 18 ಸ್ಥಾನ. ಅಧ್ಯಕ್ಷರು ಒಬ್ಬರು. ಊರುಗಳಿಂದ ಆರಿಸಿ ಬರುವವರು ಆರು ಜನ, ನೈನ್ ದೊಡ್ಡದಾದ್ದರಿಂದ ಅದಕ್ಕೆ ಎರಡು. ಅದರ ಮೇಲೆ ಐದು ಊರುಗಳ ಮುಖ್ಯಸ್ಥರು, ಅವರನ್ನು ಅಂಗಾಯುಕ್ಕಾಕ್ ಅನ್ನುತ್ತಾರೆ, ಅವರಿಗೂ ಸಭೆಯಲ್ಲೇ ಜಾಗ. ನಮ್ಮ ಪಂಚಾಯ್ತಿ ಅಧ್ಯಕ್ಷರು ಒಂದು ಮೋರಿಗಾಗಿ ಎಂಎಲ್‌ಎ ಮನೆ ಬಾಗಿಲು ಕಾಯುವುದು ನೆನಪಾಗಿ ನನಗೆ ಇದು ಭಾರಿ ಖುಷಿ ಕೊಟ್ಟಿತು. ಇಲ್ಲಿ ಅವರೇ ಶಾಸಕರು. ಗೂಸ್ ಬೇ ಕಡೆಯವರಿಗೆ ಅಲ್ಲಿನ ಎರಡು ಸಂಘಗಳ ಅಧ್ಯಕ್ಷರೂ ಸೇರಿ ನಾಲ್ಕು. ಉಳಿದ ಎರಡು ಸ್ಥಾನಕ್ಕೆ ‘ಕೆನಡಾ ಕ್ಷೇತ್ರ’ ಅಂತ ಹೆಸರು. ನನ್ನ ಸಹೋದ್ಯೋಗಿಯ ವೋಟು ಅದಕ್ಕೆ. ಪಕ್ಷ ಗಿಕ್ಷ ಏನೂ ಇಲ್ಲ.

ಲೆಕ್ಕ ಹಾಕಿ ನೋಡಿ. ಊರಲ್ಲಿರುವವರು ಮೂರರಲ್ಲಿ ಒಂದು ಪಾಲು, ಆದರೆ 18ರಲ್ಲಿ 11 ಕುರ್ಚಿ ಅವರದು. ಮೊದಲು ನನಗೆ ಇದು ಅನ್ಯಾಯ ಅನ್ನಿಸಿತು. ಹೊರಗಿದ್ದವರನ್ನು ಕರೆದು ಕೂರಿಸಿ ಬಾಯಿ ಮುಚ್ಚಿಸಿದ ಹಾಗಲ್ವಾ ಇದು? ಈಗ ಹಾಗನ್ನಿಸುತ್ತಿಲ್ಲ. ತಲೆ ಎಣಿಸಿ ಕೊಟ್ಟಿದ್ದರೆ ಊರು ಬಿಟ್ಟವರೇ ಊರು ಆಳುತ್ತಿದ್ದರು. ಏನೂ ಕೊಡದಿದ್ದರೆ ನನ್ನ ಗತಿ ಆಗುತ್ತಿತ್ತು. ನನ್ನ ಗತಿ ಅಂದರೆ, ಪಾಸ್‌ಪೋರ್ಟ್ ಇನ್ನೂ ಭಾರತದ್ದೇ, ಕಾನೂನು ಪ್ರಕಾರ ನನಗೂ ವೋಟು ಇದೆ, ಆದರೆ ವಿಮಾನ ಹತ್ತಿ ಹೋಗಿ ಊರಿನ ಶಾಲೆಯ ಬೂತ್‌ನಲ್ಲೇ ನಿಂತು ಹಾಕಬೇಕು. ಟಿಕೆಟ್ ರೇಟು ನೋಡಿ ಸುಮ್ಮನಾಗುತ್ತೇನೆ. ಆಮೇಲೆ ವಾಟ್ಸಾಪ್ ಗ್ರೂಪಿನಲ್ಲಿ ಊರಿನ ಕೆರೆ ಬಗ್ಗೆ ಉದ್ದುದ್ದ ಭಾಷಣ ಬಿಗಿಯುತ್ತೇನೆ.

ಊರಲ್ಲಿ ಇರುವುದಕ್ಕೂ ಊರಿನ ಬಗ್ಗೆ ಮಾತಾಡುವುದಕ್ಕೂ ಎಷ್ಟು ವ್ಯತ್ಯಾಸ ಅಂತ ಗೊತ್ತಾಗಬೇಕಾದರೆ 2008ರ ಯುರೇನಿಯಂ ಕತೆ ನೋಡಬೇಕು. ಯುರೇನಿಯಂ ಬೆಲೆ ಗಗನಕ್ಕೆ ಏರಿದ್ದ ಕಾಲ ಅದು. ಪೋಸ್ಟ್‌ವಿಲ್, ಮಕೋವಿಕ್ ಹತ್ತಿರ ದೊಡ್ಡ ನಿಕ್ಷೇಪ ಇದೆ ಅಂತ ಕಂಪನಿಗಳು ಬಂದು ಕೂತಿದ್ದವು. ಸರ್ಕಾರ ಶುರುವಾಗಿ ಮೂರು ವರ್ಷವೂ ಆಗಿಲ್ಲ. ಪರಿಸರ ಕಾನೂನು ಬರೆದು ಮುಗಿದಿಲ್ಲ, ಯಾವ ಜಾಗದಲ್ಲಿ ಏನು ಮಾಡಬಹುದು ಅನ್ನುವ ಭೂಬಳಕೆ ಯೋಜನೆ ಇಲ್ಲ. ಹಾಗಿರುವಾಗ ತಮ್ಮ ಒಡೆತನದ ನೆಲದಲ್ಲಿ ಮೂರು ವರ್ಷ ಯುರೇನಿಯಂ ಗಣಿಗಾರಿಕೆ ಬೇಡ ಅಂತ ಮಸೂದೆ ಬಂತು. ಮತ ಬಿದ್ದಿದ್ದು 8–7. ಒಂದೇ ಒಂದು ಮತ ಹೆಚ್ಚು!

ಏಳು ಜನ ಈ ತಡೆ ಬೇಡ ಅಂದಿದ್ದನ್ನು ನಾನು ತಪ್ಪು ಅನ್ನುವುದಿಲ್ಲ. ಕೆಲಸ ಇಲ್ಲದ ಊರಲ್ಲಿ ಕೆಲಸ ಬೇಕು ಅನ್ನುವವರನ್ನು ಹಣದಾಸೆಯವರು ಅಂತ ಇಲ್ಲಿ ಹೀಟರ್ ಪಕ್ಕ ಕೂತು ನಾನು ಬಯ್ಯುವುದು ಸುಲಭ. ಆ ಎಂಟು ಜನರೂ ಗಣಿ ಎಂದೆಂದಿಗೂ ಬೇಡ ಅನ್ನಲಿಲ್ಲ, ಮೊದಲು ನಮ್ಮ ಕಾನೂನು ಮುಗಿಯಲಿ ಅಂದರು. ಅದು ಮುಗಿದ ಮೇಲೆ, 2012ರ ಹೊತ್ತಿಗೆ, ತಡೆಯನ್ನು ತೆಗೆದೂ ಬಿಟ್ಟರು. ಹಾಗೆ ತೆಗೆದಿದ್ದು ಹೊರಗಿನ ಎಷ್ಟೋ ಜನರಿಗೆ ಬೇಜಾರಂತೆ. ನನ್ನ ಸಹೋದ್ಯೋಗಿಗೂ ಬೇಜಾರು. ಆದರೆ ‘ಅಲ್ಲಿ ಇರುವವರು ಅವರು’ ಅಂದು ಟೀ ಕಪ್ ತೊಳೆಯಲು ಎದ್ದರು. ಅದೊಂದು ಮಾತು ನನ್ನ ತಲೆಯಲ್ಲಿ ಕೂತುಬಿಟ್ಟಿದೆ.

ಮತ್ತೆ ಹೊರಗಿನವರಿಗೆ ಎರಡಾದರೂ ಯಾಕೆ ಕೊಡಬೇಕು? ಊರು ಬಿಟ್ಟಿದ್ದು ಅವರ ಇಷ್ಟ ಅಲ್ವಾ?

ಅಲ್ಲ. ಕನಿಷ್ಠ ಎಲ್ಲರದ್ದೂ ಅಲ್ಲ. ನೈನ್‌ಗಿಂತ ಉತ್ತರಕ್ಕೆ ಹೀಬ್ರಾನ್ ಅಂತ ಒಂದು ಊರಿತ್ತು. 1830ರ ಸುಮಾರಿಗೆ ಮೊರಾವಿಯನ್ ಅನ್ನುವ ಕ್ರೈಸ್ತ ಪಂಥದ ಮಿಷನರಿಗಳು ಅಲ್ಲಿ ಚರ್ಚು ಕಟ್ಟಿದ್ದರು. ಸರ್ಕಾರ, ಮಿಷನ್, ಆಸ್ಪತ್ರೆ ನಡೆಸುತ್ತಿದ್ದ ಸಂಸ್ಥೆ ಎಲ್ಲ ಸೇರಿ, ಇಷ್ಟು ದೂರದ ಊರಿಗೆ ಸೌಕರ್ಯ ಕೊಡುವುದು ಕಷ್ಟ ಅಂತ ತಮ್ಮ ತಮ್ಮಲ್ಲೇ ತೀರ್ಮಾನ ಮಾಡಿದರು. 1959ರ ಈಸ್ಟರ್ ಸಮಯದಲ್ಲಿ ಜನರನ್ನು ಚರ್ಚಿನೊಳಗೆ ಸೇರಿಸಿ, ಊರು ಮುಚ್ಚುತ್ತೇವೆ ಅಂತ ಹೇಳಿದರು. ಆ ಜನರಲ್ಲಿ ಚರ್ಚಿನೊಳಗೆ ಎದುರು ಮಾತಾಡುವ ಪದ್ಧತಿಯೇ ಇರಲಿಲ್ಲ. ಹಾಗಾಗಿ ಯಾರೂ ಬಾಯಿ ಬಿಡಲಿಲ್ಲ. ಒಪ್ಪಿಗೆ ಇದೆ ಅಂತ ಬರೆದುಕೊಳ್ಳಲು ಇಷ್ಟು ಸಾಕಲ್ಲ! ಅದೇ ವರ್ಷ ಊರು ಖಾಲಿ. ಬೇಟೆಯ ಜಾಗ, ಮೀನಿನ ಜಾಗ ಎಲ್ಲ ಬಿಟ್ಟು ಬಂದವರನ್ನು ನೈನ್, ಹೋಪ್‌ಡೇಲ್, ಮಕೋವಿಕ್‌ಗಳಿಗೆ ಹಂಚಿದರು. ಹೊಸ ಊರಲ್ಲಿ ಒಳ್ಳೆಯ ಬೇಟೆ ಜಾಗಕ್ಕೆಲ್ಲ ಆಗಲೇ ಬೇರೆಯವರ ವಾಡಿಕೆ ಇತ್ತು. ಮನೆತನಗಳೇ ಚೆದುರಿಹೋದವು. ಪ್ರಾಂತ್ಯ ಸರ್ಕಾರ ಕ್ಷಮೆ ಕೇಳಿದ್ದು 2005ರಲ್ಲಿ. ಈಗ ಹೀಬ್ರಾನ್‌ನಲ್ಲಿ ಆ ಹಳೇ ಚರ್ಚು ಇದೆ, ಒಂದು ಸ್ಮಾರಕ ಇದೆ, ಜನ ಇಲ್ಲ.

ಮೂಲನಿವಾಸಿ ಮಕ್ಕಳನ್ನು ಮನೆಯಿಂದ ಬೇರ್ಪಡಿಸಿ ಇಡುತ್ತಿದ್ದ ವಸತಿ ಶಾಲೆಗಳಿಗೆ ಹೋದವರದು ಇನ್ನೊಂದು ಕತೆ. 2008ರಲ್ಲಿ ಕೆನಡಾ ಪ್ರಧಾನಿ ದೇಶದ ವಸತಿ ಶಾಲೆಗಳ ಬಗ್ಗೆ ಕ್ಷಮೆ ಕೇಳಿದಾಗ ಇವರನ್ನು ಸೇರಿಸಲೇ ಇಲ್ಲ. ಇವರ ಪ್ರಾಂತ್ಯ ಕೆನಡಾ ಸೇರಿದ್ದೇ 1949ರಲ್ಲಿ, ಆ ಶಾಲೆಗಳು ನಾವು ಶುರು ಮಾಡಿದ್ದಲ್ಲ ಅನ್ನುವ ವಾದ. ಕೋರ್ಟು ಕಚೇರಿ ಅಲೆದು, 2017ರ ನವೆಂಬರ್‌ನಲ್ಲಿ ಆಗಿನ ಪ್ರಧಾನಿ ಟ್ರುಡೊ ಗೂಸ್ ಬೇಗೆ ಬಂದು ಕ್ಷಮೆ ಕೇಳುವ ಹೊತ್ತಿಗೆ ಎಷ್ಟು ಜನ ತೀರಿಕೊಂಡಿದ್ದರೋ. ಹೀಗೆ ಊರು ತಪ್ಪಿದವರ ಮಕ್ಕಳು ಮೊಮ್ಮಕ್ಕಳಿಗೆ ‘ನೀನು ಇಲ್ಲಿಲ್ಲವಲ್ಲ, ನಿನಗೆ ವೋಟಿಲ್ಲ’ ಅಂತ ಯಾವ ಬಾಯಲ್ಲಿ ಹೇಳುವುದು? ನಾನು ಬಂದಿದ್ದು ಸಂಬಳಕ್ಕೆ. ನನ್ನನ್ನೂ ಅವರನ್ನೂ ಒಂದೇ ತಕ್ಕಡಿಯಲ್ಲಿ ಇಡಬಾರದು ಅಂತ ನನಗೂ ಗೊತ್ತು.

ಭಾಷೆಯ ವಿಷಯ ಬಂದರೆ ನಾನು ಸ್ವಲ್ಪ ಇಕ್ಕಟ್ಟಿಗೆ ಸಿಕ್ಕುತ್ತೇನೆ. ಅಧ್ಯಕ್ಷರಾಗುವವರಿಗೆ ಇನುಯಿಟ್ ಜನರ ಭಾಷೆಯಾದ ಇನುಕ್ಟಿಟುಟ್ ಮಾತಾಡಲು ಬರಬೇಕು ಅಂತ ಇವರ ಸಂವಿಧಾನ ಬರೆದಾಗಲೇ ಹಾಕಿದರು. ಮಾತಾಡುವವರೇ ಕಡಿಮೆಯಾಗುತ್ತಿರುವ ಭಾಷೆ. ಹೊರಗೆ ಬೆಳೆದ ಮಕ್ಕಳಿಗೆ ಬರುವುದು ಇನ್ನೂ ಅಪರೂಪ. ವೋಟು ಹಾಕಬಹುದು, ಮೇಲಿನ ಕುರ್ಚಿಗೆ ಆಸೆ ಪಡುವ ಹಾಗಿಲ್ಲ. ನಾನು ಈ ನಿಯಮದ ಪರ. ಹೇಳಿದಷ್ಟು ಸುಲಭ ಅಲ್ಲ, ಯಾಕೆಂದರೆ ನನ್ನ ಮಗಳು ಕನ್ನಡದಲ್ಲಿ ಇಂಥ ಪರೀಕ್ಷೆ ಕೊಟ್ಟರೆ ‘ಊಟ ಆಯ್ತು’ ದಾಟಿ ಮುಂದೆ ಹೋಗುವುದಿಲ್ಲ. ಆದರೂ ಪರ. ಒಂದಾದರೂ ಕುರ್ಚಿ ಭಾಷೆಯನ್ನು ಕಾಯಲಿ.

ಇಲ್ಲೊಂದು ಸ್ವಾರಸ್ಯ ಹೇಳಲೇಬೇಕು. ನಮ್ಮ ಸಹೋದ್ಯೋಗಿ ಒಮ್ಮೆ ಬಿಸ್ಕತ್ತು ಹಂಚುತ್ತಾ ಅಜ್ಜಿ ಎಣಿಸುತ್ತಿದ್ದ ರೀತಿ ತೋರಿಸಿದರು. ‘ಐನ್ಸಿ, ಸುವೈ, ತರೈ...’ ಇದು ಜರ್ಮನ್! ಐನ್ಸ್, ತ್ಸ್ವೈ, ದ್ರೈ. 1771ರಲ್ಲಿ ನೈನ್‌ಗೆ ಬಂದ ಮೊರಾವಿಯನ್ನರಲ್ಲಿ ಜರ್ಮನ್ ಮಾತಾಡುವವರೇ ಜಾಸ್ತಿ. ಬೈಬಲ್ಲು, ಬ್ರಾಸ್ ಬ್ಯಾಂಡು ಜತೆ ಅಂಕಿಗಳನ್ನೂ ಬಿಟ್ಟುಹೋದರು. ನಮಗೂ ಜರ್ಮನ್ ಮಿಷನರಿಗಳು ಬಂದಿದ್ದರಲ್ಲ, ಮಂಗಳೂರಿಗೆ. ಕಿಟೆಲ್ ನಮ್ಮ ಪದಗಳನ್ನೇ ಒಟ್ಟು ಮಾಡಿ 1894ರಲ್ಲಿ ನಿಘಂಟು ಮಾಡಿಕೊಟ್ಟರು, ಒಂದು ಎರಡು ಮೂರಿನ ತಂಟೆಗೆ ಬರಲಿಲ್ಲ. ಬದುಕಿಕೊಂಡೆವು.

ಈ ಸರ್ಕಾರದ ಕೈಗೆ ಎಲ್ಲ ಬಂದಿದೆ ಅಂತ ತಿಳಿಯಬೇಡಿ. ಲ್ಯಾಬ್ರಡಾರ್‌ನ ಚರ್ಚಿಲ್ ಫಾಲ್ಸ್‌ನಲ್ಲಿ 5,428 ಮೆಗಾವ್ಯಾಟ್ ಜಲವಿದ್ಯುತ್ ಸ್ಥಾವರ ಇದೆ. ಕರೆಂಟು ಹೆಚ್ಚಿನಂಶ ಕ್ವಿಬೆಕ್ ಕಡೆಗೆ ಹೋಗುತ್ತದೆ. ಈ ಐದೂ ಊರು ಡೀಸೆಲ್ ಜನರೇಟರ್ ಮೇಲೆ ನಡೆಯುತ್ತವೆ. ದೀಪದ ಬುಡದಲ್ಲಿ ಕತ್ತಲೆ ಅಂದರೆ ಇದೇ. ನೈನ್‌ನ ಏರ್‌ಸ್ಟ್ರಿಪ್‌ನಲ್ಲಿ ರಾತ್ರಿ ವಿಮಾನ ಇಳಿಯುವಂತಿಲ್ಲ. ರಾತ್ರಿ ಹೊತ್ತು ಎದೆನೋವು ಬಂದರೆ ಬೆಳಗಾಗಲಿ ಅಂತ ಕಾಯಬೇಕು. 2019ರಲ್ಲಿ ಹೊಸ ಹಡಗು ಬಂತು, ಆದರೆ ನ್ಯೂಫೌಂಡ್‌ಲ್ಯಾಂಡ್ ದ್ವೀಪದಿಂದ ನೇರವಾಗಿ ಬರುತ್ತಿದ್ದ ಸರಕು ಸಾಗಣೆ ನಿಂತಿತು. ಈಗ ಎಲ್ಲ ಗೂಸ್ ಬೇ ಸುತ್ತಿ ಬರಬೇಕು. ಅಂಗಡಿಯ ಬೆಲೆ ಚೀಟಿಯಲ್ಲಿ ಅದು ಕಾಣುತ್ತದಂತೆ.

ಕ್ಯಾರಿಬೂ, ಅಂದರೆ ಹಿಮಸಾರಂಗದ ಕತೆ ಇನ್ನೂ ಕಷ್ಟದ್ದು. ಜಾರ್ಜ್ ನದಿ ಹಿಂಡಿನಲ್ಲಿ 1990ರ ದಶಕದ ಶುರುವಿನಲ್ಲಿ ಏಳೆಂಟು ಲಕ್ಷ ಪ್ರಾಣಿಗಳಿದ್ದವು. 2018ರಲ್ಲಿ ಎಣಿಸಿದರೆ 5,500. ಪ್ರಾಂತ್ಯ 2013ರಲ್ಲೇ ಬೇಟೆ ನಿಲ್ಲಿಸಿತು. ಮನೆಮನೆಯ ಊಟವೇ ಆಗಿದ್ದ ಪ್ರಾಣಿಯನ್ನು ಈಗ ಮುಟ್ಟುವ ಹಾಗಿಲ್ಲ. ಇಂಥ ಹೊತ್ತಲ್ಲಿ ಊರಿನ ಫ್ರೀಜರ್ ಬಗ್ಗೆ ಬರುವ ಎರಡು ಸಾಲಿನ ನೋಟಿಸ್ ಎಷ್ಟು ದೊಡ್ಡ ಸುದ್ದಿ ಅಂತ ನನಗೆ ನಿಧಾನವಾಗಿ ಅರ್ಥವಾಯಿತು. ಬೇಟೆಗೆ ಹೋಗಲಾರದ ಮುದುಕರ ಮನೆಗೆ ಮೀನು, ಸೀಲ್ ಮಾಂಸ ಸಿಗುವುದು ಅಲ್ಲಿಂದ. ನನ್ನ ಸಹೋದ್ಯೋಗಿ ಎಲ್ಲಕ್ಕಿಂತ ಮೊದಲು ಓದುವುದು ಅದನ್ನೇ. ಅವರ ಅಮ್ಮ ಇನ್ನೂ ಹೋಪ್‌ಡೇಲ್‌ನಲ್ಲೇ ಇದ್ದಾರೆ. ಇಲ್ಲಿ ಟೀ ಕುಡಿಯುತ್ತಲೇ ಅಮ್ಮನಿಗೆ ಫೋನ್ ಮಾಡಿ, ‘ಚಾರ್ ಬಂದಿದೆಯಂತೆ, ಬೆಳಿಗ್ಗೆ ಯಾರನ್ನಾದರೂ ಕಳಿಸು’ ಅನ್ನುತ್ತಾರೆ. ರಾತ್ರಿ ಎರಡಕ್ಕೆ ಎದ್ದಿರುವ ಅಮ್ಮ ಬೇರೆ!

ಹೋಪ್‌ಡೇಲ್‌ನ ಶಾಸನಸಭೆಯ ಕಟ್ಟಡದ ಫೋಟೋ ತೋರಿಸಿದರು. 2012ರಲ್ಲಿ ಕಟ್ಟಿದ್ದು. ಕುರ್ಚಿಗಳಿಗೆ ಸೀಲ್ ಚರ್ಮ ಹೊದಿಸಿದ್ದಾರೆ. ‘ನಿಮ್ಮ ಎರಡು ಕುರ್ಚಿ ಯಾವುದು?’ ಅಂತ ಕೇಳಿದೆ. ಫೋಟೋ ದೊಡ್ಡದು ಮಾಡಿ ಹುಡುಕಿದರು, ಇವರಿಗೂ ಗೊತ್ತಾಗಲಿಲ್ಲ. ‘ಎಲ್ಲ ಒಂದೇ ಥರ ಇವೆ ಬಿಡು’ ಅಂದರು.

ಅಂದ ಹಾಗೆ ಐಸ್ ಸರಿಯಿತಂತೆ, ಶುಕ್ರವಾರ ಹಡಗು ಗೂಸ್ ಬೇ ಬಿಟ್ಟಿದೆ. ಅಮ್ಮನಿಗೆ ಅಂತ ಇವರು ಕಳಿಸಿದ ವಾಷಿಂಗ್ ಮಷೀನ್ ಅದರಲ್ಲಿದೆ.