ಪೋರ್ಟ್ ಕಾಣಿಸ್ತಿಲ್ಲ ಅಂತ ಬ್ರೈಲ್ ಪ್ಯಾಕೇಜ್ ಕಿತ್ತು ಹಾಕಬೇಡಿ

ಲಿನಕ್ಸ್‌ನ ಒಂದು ಬಗೆಯಾದ ಉಬುಂಟು 22.04 ಬಂದಾಗಿನಿಂದ ಎಲೆಕ್ಟ್ರಾನಿಕ್ಸ್ ಓದುವ ಹುಡುಗರು ಪದೇ ಪದೇ ಕೇಳುವ ಪ್ರಶ್ನೆ ಒಂದಿದೆ. "ಬೋರ್ಡ್ ಹಾಕಿದ್ರೆ ಲೈಟ್ ಹತ್ತುತ್ತೆ, ಆದ್ರೆ ಆರ್ಡುಯಿನೋ ಐಡಿಇಯಲ್ಲಿ ಪೋರ್ಟೇ ಬರಲ್ಲ. ವಿಂಡೋಸ್‌ನಲ್ಲಿ ಸರಿಯಾಗೇ ಇದೆ." ಆರ್ಡುಯಿನೋ ಅಂದರೆ ಪ್ರೋಗ್ರಾಮ್ ಬರೆದು ಹಾಕುವ ಪುಟ್ಟ ಸರ್ಕ್ಯೂಟ್ ಬೋರ್ಡ್, ಐಡಿಇ ಆ ಪ್ರೋಗ್ರಾಮ್ ಬರೆಯುವ ಸಾಫ್ಟ್‌ವೇರ್, ಪೋರ್ಟ್ ಅಂದರೆ ಇವೆರಡೂ ಮಾತಾಡಿಕೊಳ್ಳುವ ದಾರಿ. ಯಾವ ಬೋರ್ಡ್ ಅಂತ ವಿಚಾರಿಸಿದರೆ, ಹೆಚ್ಚಿನ ಸಲ ಬೆಂಗಳೂರಿನ ಎಸ್.ಪಿ. ರೋಡ್‌ನಲ್ಲೋ ಆನ್‌ಲೈನ್‌ನಲ್ಲೋ ಕಡಿಮೆ ಬೆಲೆಗೆ ತಂದ ಕ್ಲೋನ್ ನ್ಯಾನೋ, ಅಂದರೆ ಆರ್ಡುಯಿನೋ ನ್ಯಾನೋ ಬೋರ್ಡಿನ ನಕಲು. ಅದರ ಮೇಲಿರುವ ಯುಎಸ್‌ಬಿ ಚಿಪ್ ಸಿಎಚ್340.

ಇದಕ್ಕೆ ಎಲ್ಲ ಕಡೆ ಸಿಗುವ ಉತ್ತರವೂ ಒಂದೇ: ಬಿಆರ್‌ಎಲ್‌ಟಿಟಿವೈ ಅನ್ನುವ ಬ್ರೈಲ್ ಪ್ಯಾಕೇಜ್ ರಿಮೂವ್ ಮಾಡಿ. ಮಾಡಿದರೆ ಪೋರ್ಟ್ ಬರುತ್ತದೆ, ನಿಜ. ಆದರೂ ಈ ಉತ್ತರ ನನಗೆ ಒಪ್ಪಿಗೆಯಿಲ್ಲ.

ಮೊದಲು ಅಲ್ಲಿ ಏನಾಗುತ್ತಿದೆ ನೋಡೋಣ. ಬೋರ್ಡ್ ಚುಚ್ಚಿ ಕರ್ನಲ್ ಲಾಗ್ (ಸಿಸ್ಟಮ್ ಒಳಗೆ ಆಗಿದ್ದನ್ನು ಬರೆದಿಡುವ ದಾಖಲೆ) ತೆರೆಯಿರಿ. ಸಿಎಚ್341 ಡ್ರೈವರ್ (ಸಿಎಚ್340ಕ್ಕೂ ಅದೇ ಡ್ರೈವರ್) ಚಿಪ್ಪನ್ನು ಗುರುತಿಸಿ, ಟಿಟಿವೈ-ಯುಎಸ್‌ಬಿ-0 ಅಂತ ಪೋರ್ಟ್ ಕೊಟ್ಟಿರುತ್ತದೆ. ಅದರ ಕೆಳಗೇ ಇನ್ನೊಂದು ಸಾಲು: ಇಂಟರ್‌ಫೇಸ್ 0 ಸಿಎಚ್341 ಕೈಯಲ್ಲಿರುವಾಗಲೇ ಬಿಆರ್‌ಎಲ್‌ಟಿಟಿವೈ ಕಾನ್ಫಿಗ್ ಬದಲಿಸಲು ಬಂದಿದೆ ಅಂತ. ಆಮೇಲೆ, ಕನ್ವರ್ಟರ್ ಡಿಸ್‌ಕನೆಕ್ಟ್ ಆಯಿತು ಅನ್ನುವ ಸಾಲು. ಒಂದು ಯುಎಸ್‌ಬಿ ಇಂಟರ್‌ಫೇಸ್ ಒಂದು ಸಲಕ್ಕೆ ಒಂದೇ ಡ್ರೈವರ್ ಹತ್ತಿರ ಇರಬಹುದು. ಇಲ್ಲಿ ಇಬ್ಬರು ಕೇಳಿದರು, ಎರಡನೆಯವರು ಮೊದಲಿನವರನ್ನು ಬಿಡಿಸಿ ತೆಗೆದುಕೊಂಡರು. ನೀವು ಐಡಿಇ ತೆರೆಯುವ ಹೊತ್ತಿಗೆ ಪೋರ್ಟ್ ಇರುವುದೇ ಇಲ್ಲ.

ಆ ಎರಡನೆಯವರು ಯಾರು? ಕಣ್ಣು ಕಾಣದವರು ಲಿನಕ್ಸ್ ಬಳಸಲು ಇರುವ ಪ್ರೋಗ್ರಾಮ್. 1995ರಿಂದ ಇದೆ. ಬ್ರೈಲ್ ಡಿಸ್‌ಪ್ಲೇ ಅಂದರೆ ಸಣ್ಣ ಸಣ್ಣ ಪಿನ್‌ಗಳು ಸಾಲಾಗಿ ಏಳುತ್ತಾ ಇಳಿಯುತ್ತಾ ಇರುವ ಒಂದು ಸಾಧನ. ಪರದೆಯ ಮೇಲಿನ ಸಾಲು ಆ ಚುಕ್ಕಿಗಳಲ್ಲಿ ಮೂಡುತ್ತದೆ, ಬೆರಳಾಡಿಸಿ ಓದುತ್ತಾರೆ. ಅದನ್ನು ಚುಚ್ಚಿದ ಕೂಡಲೇ ಕೆಲಸ ಶುರುವಾಗಬೇಕು. "ಇಲ್ಲಿ ಕ್ಲಿಕ್ ಮಾಡಿ" ಅಂತ ಪರದೆಯ ಮೇಲೆ ಬರೆದರೆ ಅವರು ಓದುವುದು ಹೇಗೆ? ಓದಲು ಬೇಕಾದ ಸಾಧನವೇ ಇನ್ನೂ ಶುರುವಾಗಿಲ್ಲ, ಅಲ್ವಾ? ಅದಕ್ಕೇ ಈ ಪ್ಯಾಕೇಜ್ ಕೇಳದೆಯೇ ಸಿಸ್ಟಮ್ ಜೊತೆ ಬರುತ್ತದೆ.

ಇನ್ನು ಜಗಳದ ಮೂಲ. ಪ್ರತಿ ಯುಎಸ್‌ಬಿ ಸಾಧನಕ್ಕೂ ಎರಡು ನಂಬರ್ ಇರುತ್ತದೆ, ತಯಾರಕರದ್ದು ಒಂದು, ಪ್ರಾಡಕ್ಟ್‌ನದ್ದು ಒಂದು. ನಿಮ್ಮ ನ್ಯಾನೋ ಹೇಳುವುದು 1ಎ86, 7523. ಅದು ಆರ್ಡುಯಿನೋದ ನಂಬರ್ ಅಲ್ಲ, ಬೋರ್ಡ್ ಮಾಡಿದವರದ್ದೂ ಅಲ್ಲ. ಚೀನಾದ ನಾನ್‌ಜಿಂಗ್‌ನ ಚಿಪ್ ಕಂಪನಿಯದ್ದು. ಅಮೆರಿಕದ ಲೈಬ್ರರಿ ಆಫ್ ಕಾಂಗ್ರೆಸ್‌ನ ಅಂಧರ ವಿಭಾಗ ಓದುಗರಿಗೆ ಉಚಿತವಾಗಿ ಎರವಲು ಕೊಡುವ ಬ್ರೈಲ್ ಇ-ರೀಡರ್‌ಗಳಲ್ಲಿ ಒಂದು, ಝೂಮ್ಯಾಕ್ಸ್‌ನ ಒಂದು ಸಲಕ್ಕೆ 20 ಬ್ರೈಲ್ ಅಕ್ಷರ ತೋರಿಸುವ 20 ಸೆಲ್‌ನದ್ದು, ಅದೂ ಇದೇ ನಂಬರ್ ಹೇಳುತ್ತದೆ. ಒಂದೇ ಸೈಟನ್ನು ಇಬ್ಬರಿಗೆ ರಿಜಿಸ್ಟರ್ ಮಾಡಿಕೊಟ್ಟ ಹಾಗೆ. ಚುಚ್ಚಿದ್ದು ನ್ಯಾನೋನೋ ಬ್ರೈಲ್ ರೀಡರೋ ಅಂತ ನಂಬರ್ ನೋಡಿ ಹೇಳಲು ಆಗುವುದಿಲ್ಲ. ಮಾತಾಡಿಸಿಯೇ ನೋಡಬೇಕು. ಮಾತಾಡಿಸಬೇಕಾದರೆ ಪೋರ್ಟ್ ಕೈಗೆ ತೆಗೆದುಕೊಳ್ಳಲೇಬೇಕು.

ಇದರಲ್ಲಿ ಲಿನಕ್ಸ್‌ನವರ ತಪ್ಪಿಗಿಂತ ಸಾಧನ ಮಾಡುವವರ ತಪ್ಪು ಜಾಸ್ತಿ. ಸ್ವಂತ ತಯಾರಕ ನಂಬರ್‌ಗೆ ಸಾವಿರಾರು ಡಾಲರ್ ಕೊಡಬೇಕು, ಸರಿ. ಆದರೆ ಎಫ್‌ಟಿಡಿಐ, ಸಿಲಿಕಾನ್ ಲ್ಯಾಬ್ಸ್‌ನಂಥ ಚಿಪ್ ಕಂಪನಿಗಳು ತಮ್ಮ ನಂಬರಿನಡಿ ಬೇರೆ ಪ್ರಾಡಕ್ಟ್ ನಂಬರ್ ಕೊಡುತ್ತವೆ, ಅದನ್ನು ಚಿಪ್‌ಗೆ ಬರೆಯಬಹುದು. ಓಪನ್ ಸೋರ್ಸ್ ಹಾರ್ಡ್‌ವೇರ್ ಆದರೆ 1209 ಅನ್ನುವ ತಯಾರಕ ನಂಬರಿನಡಿ ಪುಕ್ಕಟೆಯಾಗೇ ಸಿಗುತ್ತದೆ. ಒಂದು ಲಕ್ಷ ರೂಪಾಯಿಗೂ ಮೀರಿದ ಬೆಲೆಗೆ ಬ್ರೈಲ್ ಡಿಸ್‌ಪ್ಲೇ ಮಾರುವವರು ಇಷ್ಟು ಮಾಡಬಾರದೇ?

ಈಗ ಪರಿಹಾರ. ಚುಚ್ಚಿರುವ ಯುಎಸ್‌ಬಿ ಸಾಧನಗಳ ಪಟ್ಟಿ ತೋರಿಸುವ ಎಲ್‌ಎಸ್‌ಯುಎಸ್‌ಬಿ ಕಮಾಂಡ್ ಕೊಟ್ಟು 1ಎ86:7523 ಇದೆಯಾ ಅಂತ ಖಚಿತ ಮಾಡಿಕೊಳ್ಳಿ. ಯುಡೆವ್ ಅನ್ನುವುದು ಚುಚ್ಚಿದ ಸಾಧನಕ್ಕೆ ಏನು ಮಾಡಬೇಕು ಅಂತ ತೀರ್ಮಾನಿಸುವ ಲಿನಕ್ಸ್ ಭಾಗ, ರೂಲ್ಸ್ ಅಂದರೆ ಅದಕ್ಕೆ ಬರೆದಿಟ್ಟ ನಿಯಮಗಳು. ಉಬುಂಟು 22.04ರಲ್ಲಿ ಯುಎಸ್‌ಆರ್-ಲಿಬ್ ಕೆಳಗಿನ ಯುಡೆವ್ ರೂಲ್ಸ್ ಫೋಲ್ಡರ್‌ನಲ್ಲಿ 85-ಬಿಆರ್‌ಎಲ್‌ಟಿಟಿವೈ ಅನ್ನುವ ರೂಲ್ಸ್ ಫೈಲ್ ಇರುತ್ತದೆ. ಅದನ್ನು ಅಲ್ಲೇ ತಿದ್ದಬೇಡಿ, ಅಪ್‌ಡೇಟ್ ಬಂದರೆ ತಿದ್ದಿದ್ದು ಹೋಗುತ್ತದೆ. ಅದೇ ಹೆಸರಲ್ಲಿ ಇಟಿಸಿ ಕೆಳಗಿನ ಯುಡೆವ್ ರೂಲ್ಸ್ ಫೋಲ್ಡರ್‌ಗೆ ಕಾಪಿ ಮಾಡಿ. ಹೆಸರು ಒಂದೇ ಆದಾಗ ಸಿಸ್ಟಮ್ ಇಟಿಸಿಯದ್ದನ್ನೇ ಓದುತ್ತದೆ. ಆ ಕಾಪಿಯಲ್ಲಿ 1ಎ86/7523 ಇರುವ ಒಂದೇ ಒಂದು ಸಾಲಿನ ಮುಂದೆ ಹ್ಯಾಶ್ (#) ಹಾಕಿ, ಆಗ ಸಿಸ್ಟಮ್ ಆ ಸಾಲನ್ನು ಬಿಟ್ಟು ಓದುತ್ತದೆ. ಯುಡೆವ್ ರೂಲ್ಸ್ ರೀಲೋಡ್ ಮಾಡಿ, ಬೋರ್ಡ್ ಕಿತ್ತು ಮತ್ತೆ ಚುಚ್ಚಿ. ಪೋರ್ಟ್ ಬಂದು ಪರ್ಮಿಷನ್ ಇಲ್ಲ ಅಂದರೆ ಅದು ಬೇರೆ ವಿಷಯ, ಪೋರ್ಟ್ ಬಳಸಲು ಅನುಮತಿ ಇರುವ ಡಯಲ್‌ಔಟ್ ಗ್ರೂಪಿಗೆ ನಿಮ್ಮ ಯೂಸರ್ ಸೇರಿಸಿ ಮತ್ತೆ ಲಾಗಿನ್ ಆಗಿ.

ಹೀಗೆ ಮಾಡಿದರೆ ಸ್ವಂತ ನಂಬರ್ ಇರುವ ಎಲ್ಲ ಬ್ರೈಲ್ ಡಿಸ್‌ಪ್ಲೇಗಳೂ ಆ ಕಂಪ್ಯೂಟರಿನಲ್ಲಿ ಮೊದಲಿನಂತೆ ಓಡುತ್ತವೆ. ಪ್ಯಾಕೇಜನ್ನೇ ಕಿತ್ತರೆ ಒಂದೂ ಓಡುವುದಿಲ್ಲ. ಸ್ವಂತ ಲ್ಯಾಪ್‌ಟಾಪ್‌ನಲ್ಲಿ ಏನು ಮಾಡುತ್ತೀರೋ ನಿಮ್ಮಿಷ್ಟ. ನನಗೆ ಚಿಂತೆ ಇರುವುದು ಕಾಲೇಜು ಲ್ಯಾಬ್‌ಗಳದ್ದು. ಅಲ್ಲಿ ಒಂದು ಕಂಪ್ಯೂಟರಿನಲ್ಲಿ ಮಾಡಿದ್ದನ್ನೇ ಎಲ್ಲದಕ್ಕೂ ಇಮೇಜ್ ಮಾಡಿ ಹಾಕುತ್ತಾರೆ. ಮುಂದಿನ ವರ್ಷ ಬ್ರೈಲ್ ಓದುವ ವಿದ್ಯಾರ್ಥಿನಿ ಬಂದು ತನ್ನ ಡಿಸ್‌ಪ್ಲೇ ಚುಚ್ಚಿದರೆ ಏನೂ ಆಗುವುದಿಲ್ಲ. ಯಾಕೆ ಅಂತ ಅವಳಿಗೂ ಗೊತ್ತಾಗಲ್ಲ, ಲ್ಯಾಬ್ ನೋಡಿಕೊಳ್ಳುವವರಿಗೂ ನೆನಪಿರಲ್ಲ.

ಬಿಆರ್‌ಎಲ್‌ಟಿಟಿವೈ ಬರೆಯುವವರು ಹೀಗೆ ಹಂಚಿಹೋದ ನಂಬರ್‌ಗಳನ್ನು ಬೇರೆ ರೂಲ್ಸ್ ಫೈಲಿಗೆ ಹಾಕಿದ್ದಾರೆ, ಬೇಕೋ ಬೇಡವೋ ಅಂತ ಲಿನಕ್ಸ್ ಹಂಚುವ ಉಬುಂಟು, ಡೆಬಿಯನ್‌ನವರು ತೀರ್ಮಾನಿಸಲಿ ಅಂತ. ನನ್ನನ್ನು ಕೇಳಿದರೆ ಅದು ಆನ್ ಆಗಿಯೇ ಬರಲಿ, ಜೊತೆಗೆ "ಈ ಸಾಧನವನ್ನು ಬ್ರೈಲ್‌ಗೆ ಕೊಡಲಾಗಿದೆ, ಬೇಡವಾದರೆ ಇಲ್ಲಿ ಒತ್ತಿ" ಅಂತ ಪರದೆಯ ಮೇಲೆ ಒಂದು ನೋಟಿಫಿಕೇಶನ್ ಬರಲಿ. ನ್ಯಾನೋ ಚುಚ್ಚಿದವರು ಅದನ್ನು ಓದಿ ಒತ್ತುತ್ತಾರೆ.