ಚ್‌ಮಾಡ್ 777 ಹೊಡೆದು ಕೈ ತೊಳೆದುಕೊಳ್ಳಬೇಡಿ

ಹನ್ನೊಂದು ದಿನ ಬ್ಯಾಕಪ್ ಆಗಿರಲಿಲ್ಲ. ಶಿವಮೊಗ್ಗದ ಒಂದು ಅಡಿಕೆ ಮಂಡಿಗೆ ನಾವು ಮೂರು ಜನ ಸೇರಿ ಬರೆದ ಲೆಕ್ಕದ ಸಾಫ್ಟ್‌ವೇರ್ ಅದು. ರಾಶಿ, ಬೆಟ್ಟೆ, ಗೊರಬಲು, ಯಾರದ್ದು ಎಷ್ಟು ಕ್ವಿಂಟಾಲ್, ಯಾರಿಗೆ ಎಷ್ಟು ಮುಂಗಡ, ಎಲ್ಲ ಅದರೊಳಗೇ. ಕೊನೆಕೊಯ್ಲು ಮುಗಿದು ಮಾಲು ಬರುವ ಹೊತ್ತು. ಡಿಸ್ಕ್ ಹೋಗಿದ್ದರೆ? ನೆನೆಸಿಕೊಂಡರೆ ಈಗಲೂ ಎದೆ ಧಸಕ್ ಅನ್ನುತ್ತೆ.

ಲಾಗ್‌ನಲ್ಲಿ ಒಂದೇ ಸಾಲು: ಪರ್ಮಿಷನ್ ಡಿನೈಡ್, ಅಂದರೆ ಅನುಮತಿ ಇಲ್ಲ. ಬ್ಯಾಕಪ್ ಮಾಡುವ ಸ್ಕ್ರಿಪ್ಟ್ (ಕಮಾಂಡುಗಳನ್ನು ಬರೆದಿಟ್ಟ ಫೈಲ್) ನಮ್ಮ ಲಿನಕ್ಸ್ ಸರ್ವರಿನಲ್ಲಿ ಓಡುತ್ತಲೇ ಇರಲಿಲ್ಲ. ಇದಕ್ಕೆ ಸುಲಭದ ಉಪಾಯ ಚ್‌ಮಾಡ್ 777, ಅಂದರೆ ಫೈಲನ್ನು ಓದಲು, ಬರೆಯಲು, ಓಡಿಸಲು ಎಲ್ಲರಿಗೂ ಅನುಮತಿ ಕೊಟ್ಟುಬಿಡುವ ಕಮಾಂಡ್. ಸಾಗರದಿಂದ ಕೆಲಸ ಮಾಡುವ ನಮ್ಮ ಹುಡುಗನಿಗೆ ಫೋನ್ ಮಾಡಿದೆ. "ಅಣ್ಣಾ, ನನ್ ಕಡೆ ಸರಿಯಾಗೇ ಓಡ್ತಿದೆಯಲ್ಲ" ಅಂದ. ಅವನು ಹೇಳಿದ್ದು ನಿಜ. ಅವನದು ವಿಂಡೋಸ್. ಅಲ್ಲಿ ಗಿಟ್ ಬ್ಯಾಶ್ (ಗಿಟ್ ಜೊತೆ ಬರುವ ಕಮಾಂಡ್ ಕಿಟಕಿ) ಸ್ಕ್ರಿಪ್ಟಿನ ಮೊದಲ ಸಾಲು ನೋಡಿಯೇ ಓಡಿಸಿಬಿಡುತ್ತೆ. ಲಿನಕ್ಸ್ ಹಾಗಲ್ಲ, ನೇರ ಓಡಿಸಬೇಕಾದರೆ ಫೈಲಿಗೆ ಎಕ್ಸಿಕ್ಯೂಟ್ ಬಿಟ್, ಅಂದರೆ ಓಡಿಸಬಹುದು ಅನ್ನೋ ಗುರುತು, ಇರಲೇಬೇಕು.

ಕೋಡಿನ ಬದಲಾವಣೆಗಳನ್ನು ದಾಖಲಿಸುವ ಗಿಟ್ ಎಲ್ಲ ಪರ್ಮಿಷನ್ನೂ ಇಟ್ಟುಕೊಳ್ಳುತ್ತೆ ಅಂತ ನಾನೂ ತುಂಬಾ ದಿನ ನಂಬಿದ್ದೆ. ಇಲ್ಲ. ಮಾಮೂಲಿ ಫೈಲಿಗೆ ಅದು ಇಡೋದು ಎರಡೇ: 100644 ಅಥವಾ 100755. ಮೊದಲನೆಯದು ಓಡಿಸಲಾಗದ್ದು, ಎರಡನೆಯದು ಓಡಿಸಬಹುದಾದದ್ದು, ಅಷ್ಟೇ. ವಿಂಡೋಸ್‌ನಲ್ಲಿ ಗಿಟ್‌ನ ಫೈಲ್‌ಮೋಡ್ ಸೆಟ್ಟಿಂಗ್ ಫಾಲ್ಸ್ ಆಗಿರುತ್ತೆ, ಅಂದರೆ ಡಿಸ್ಕಿನಲ್ಲಿರುವ ಆ ಬಿಟ್ಟನ್ನು ಗಿಟ್ ಲೆಕ್ಕಕ್ಕೇ ತೆಗೆದುಕೊಳ್ಳಲ್ಲ. ಹಾಗಾಗಿ ಅಲ್ಲಿ ಹೊಸದಾಗಿ ಸೇರಿಸಿದ ಸ್ಕ್ರಿಪ್ಟ್ 644 ಆಗಿಯೇ ಹೋಗುತ್ತೆ.

ಉಲ್ಟಾನೂ ಆಗುತ್ತೆ. ಆಷಾಢದ ಮಳೆಗೆ ತೀರ್ಥಹಳ್ಳಿಯಲ್ಲಿ ನೆಟ್ ಹೋದಾಗ ಇಡೀ ರೆಪೊವನ್ನೇ (ಗಿಟ್ ನೋಡಿಕೊಳ್ಳುವ ಕೋಡಿನ ಫೋಲ್ಡರ್) ಎಕ್ಸ್‌ಫ್ಯಾಟ್ ಪೆನ್‌ಡ್ರೈವ್‌ಗೆ ಹಾಕಿಕೊಂಡಿದ್ದೆ. ಡ್ರೈವಿನ ಆ ಫಾರ್ಮ್ಯಾಟಿನಲ್ಲಿ ಈ ಬಿಟ್ಟಿಗೆ ಜಾಗವೇ ಇಲ್ಲ. ಲಿನಕ್ಸ್‌ನಲ್ಲಿ ತೆರೆದರೆ ಎಲ್ಲ ಫೈಲೂ ಬದಲಾಗಿದೆ ಅಂತ ತೋರಿಸಿತು. ಡಿಫ್ (ಏನು ಬದಲಾಯಿತು ಅನ್ನೋ ಪಟ್ಟಿ) ನೋಡಿದರೆ ಓಲ್ಡ್ ಮೋಡ್ 100644, ನ್ಯೂ ಮೋಡ್ 100755. ಒಳಗೆ ಒಂದಕ್ಷರವೂ ಬದಲಾಗಿಲ್ಲ! ಅಂಥ ಕಡೆ ಫೈಲ್‌ಮೋಡ್ ಫಾಲ್ಸ್ ಮಾಡಿ, ಆದರೆ ಆ ಒಂದು ಕಾಪಿಗೆ ಮಾತ್ರ.

ನನಗೆ ಸಿಟ್ಟು ಬರೋದು 777ರ ಮೇಲೆ. ಸರ್ವರ್‌ನಲ್ಲಿ ಇಡೀ ಫೋಲ್ಡರ್‌ಗೆ ಅದನ್ನು ಹೊಡೆದರೆ ಅವತ್ತಿನ ಕೆಲಸ ಆಗುತ್ತೆ. ಆದರೆ ಆ ಮಷೀನಿನ ಯಾವ ಯೂಸರ್ ಬೇಕಾದರೂ ಬ್ಯಾಕಪ್ ಸ್ಕ್ರಿಪ್ಟನ್ನೇ ತಿದ್ದಬಹುದು. ರೈತರ ದುಡ್ಡಿನ ಲೆಕ್ಕ ಇರುವ ಜಾಗ ಅದು. ಮೇಲಾಗಿ ಹೊಸ ಸರ್ವರ್‌ಗೆ ರೆಪೊ ಕ್ಲೋನ್ (ನಕಲು) ಮಾಡಿದ ದಿನ ಅದೇ ಎರರ್ ಮತ್ತೆ ಬರುತ್ತೆ, ಯಾಕಂದ್ರೆ ರೆಪೊದಲ್ಲಿ ಇನ್ನೂ 644 ಇದೆ. ತಪ್ಪು ಇರೋ ಕಡೆ ತಾನೇ ತಿದ್ದಬೇಕು, ಅಲ್ವಾ?

ಹುಡುಗ ಸಾಗರದಲ್ಲಿ ವಿಂಡೋಸ್ ಮುಂದೆ ಕೂತೇ ತಿದ್ದಿದ. ಗಿಟ್ ಅಪ್‌ಡೇಟ್-ಇಂಡೆಕ್ಸ್ --ಚ್‌ಮಾಡ್=+ಎಕ್ಸ್, ಮುಂದೆ ಸ್ಕ್ರಿಪ್ಟಿನ ಹೆಸರು, ಇದು ರೆಪೊದಲ್ಲೇ ಬಿಟ್ ಹಾಕುತ್ತೆ; ಆಮೇಲೆ ಕಮಿಟ್ (ದಾಖಲು), ಪುಶ್ (ಎಲ್ಲರ ರೆಪೊಗೆ ಕಳಿಸೋದು). ಶೆಲ್ ಸ್ಕ್ರಿಪ್ಟುಗಳ ಸಾಲಿನ ಕೊನೆ ಎಲ್‌ಎಫ್ (ಲಿನಕ್ಸ್ ಬಳಸುವ ಸಾಲು ಮುಗಿಯುವ ಗುರುತು, ವಿಂಡೋಸಿನದು ಬೇರೆ) ಆಗಿಯೇ ಇರಲಿ ಅಂತ ಗಿಟ್‌ಆಟ್ರಿಬ್ಯೂಟ್ಸ್ ಫೈಲಿನಲ್ಲೂ ಬರೆಸಿದೆ. ಇಲ್ಲದಿದ್ದರೆ ಬಿಟ್ ಸರಿ ಇದ್ದರೂ ಬ್ಯಾಡ್ ಇಂಟರ್‌ಪ್ರಿಟರ್ ಅಂತ ನಿಲ್ಲುತ್ತೆ.

ವಿಂಡೋಸ್, ಲಿನಕ್ಸ್ ಎರಡೂ ಇರುವ ತಂಡ ನಿಮ್ಮದಾದರೆ ಇವತ್ತೇ ಗಿಟ್ ಎಲ್ಎಸ್-ಫೈಲ್ಸ್ --ಸ್ಟೇಜ್ ಕೊಟ್ಟು ಸ್ಕ್ರಿಪ್ಟುಗಳ ಮುಂದಿನ ಅಂಕಿ 100755 ಇದೆಯಾ ನೋಡಿ. ಸಿಕ್ಕಿಹಾಕಿಕೊಂಡರೆ ಇಲ್ಲೇ ಕೇಳಿ, ಖಂಡಿತ ಉತ್ತರ ಕೊಡ್ತೀನಿ.