ಮೇಷ್ಟ್ರು ತಿದ್ದಿದ ಸೆಟ್ಟಿಂಗ್ಸ್ ಫೈಲು

ಮೈಸೂರಿನ ಸರಸ್ವತಿಪುರಂನಲ್ಲಿ ನಾನು ಬಾಡಿಗೆಗಿರುವ ಮಹಡಿ ಮನೆಯ ಕೆಳಗೆ ಮಾಲೀಕರಾದ ನಿವೃತ್ತ ಕನ್ನಡ ಮೇಷ್ಟ್ರು ವಾಸವಾಗಿದ್ದಾರೆ. ಸಾಫ್ಟ್‌ವೇರ್ ಕಂಪನಿಯೊಂದಕ್ಕೆ ಕೈಪಿಡಿಗಳನ್ನು ಬರೆದುಕೊಡುವುದು ನನ್ನ ಉದ್ಯೋಗ. ಮನೆ ಕೇಳಲು ಹೋದ ದಿನ ಗತ್ತಿನಿಂದ ‘ನಾನು ಬರವಣಿಗೆಯವನು’ ಎಂದು ಹೇಳಿಕೊಂಡ ತಪ್ಪಿಗೆ, ಪ್ರತಿ ತಿಂಗಳು ಬಾಡಿಗೆ ಕೊಡುವಾಗಲೂ ಅವರು ‘ಏನಪ್ಪಾ, ಈ ತಿಂಗಳು ಏನು ಬರೆದೆ?’ ಎಂದು ವಿಚಾರಿಸುತ್ತಾರೆ. ಹೋದ ತಿಂಗಳು ನಾನು ಕೊಟ್ಟ ಪ್ರಾಮಾಣಿಕ ಉತ್ತರವೆಂದರೆ, ‘ಬರೆದದ್ದು ಎರಡು ದಿನ ಸಾರ್, ಸೆಟ್ಟಿಂಗ್ಸ್ ಸರಿಮಾಡಿದ್ದು ಇಪ್ಪತ್ತು ದಿನ.’

ನಾವು ಬಳಸುವ ಸಾಧನದ ಹೆಸರು ಸ್ಫಿಂಕ್ಸ್. ಪೈಥಾನ್ ಎಂಬ ಪ್ರೋಗ್ರಾಮಿಂಗ್ ಭಾಷೆಯ ದಾಖಲೆಗಳಿಗಾಗಿ ಜಾರ್ಜ್ ಬ್ರಾಂಡ್ಲ್ ಎಂಬುವರು ರೂಪಿಸಿ 2008ರಲ್ಲಿ ಹೊರತಂದ ಇದು, ನಾವು ಸಾದಾ ಪಠ್ಯದಲ್ಲಿ ಬರೆದಿಟ್ಟದ್ದನ್ನು ಅಂದವಾದ ಪುಟಗಳನ್ನಾಗಿ ಕಟ್ಟಿಕೊಡುತ್ತದೆ. ಹೇಗೆ ಕಟ್ಟಬೇಕೆಂಬ ಅಪ್ಪಣೆಗಳೆಲ್ಲ ‘ಕಾನ್ಫ್ ಡಾಟ್ ಪೈ’ ಎಂಬ ಒಂದೇ ಫೈಲಿನಲ್ಲಿರುತ್ತವೆ. ಆ ಫೈಲು ಬರಿಯ ಪಟ್ಟಿಯಲ್ಲ, ಪ್ರತಿ ಸಲವೂ ಓಡುವ ಪೈಥಾನ್ ಪ್ರೋಗ್ರಾಮೇ ಆಗಿದೆ ಎಂಬುದನ್ನು ನಾನು ಓದಿ ತಿಳಿದಿದ್ದೆ. ಅದರ ಅರ್ಥವೇನೆಂಬುದು ಮಾತ್ರ ಅನುಭವದಿಂದಲೇ ತಿಳಿಯಬೇಕಾಗಿತ್ತು.

ಮೊದಲ ಅನುಭವ ಸಣ್ಣದು. ಬರೆಯುವಾಗ ಬಾಕಿ ಉಳಿದ ಕೆಲಸಗಳನ್ನು ಅಲ್ಲಲ್ಲೇ ಗುರುತುಹಾಕಿಕೊಳ್ಳಲು ‘ಟುಡು’ ಎಂಬ ವಿಸ್ತರಣೆ, ಅಂದರೆ ಸ್ಫಿಂಕ್ಸಿಗೆ ಸೇರಿಸಿಕೊಳ್ಳುವ ಹೆಚ್ಚುವರಿ ಸೌಲಭ್ಯ, ಒಂದಿದೆ. ಅದರ ಹೆಸರನ್ನು ಆ ಫೈಲಿನಲ್ಲಿರುವ ವಿಸ್ತರಣೆಗಳ ಪಟ್ಟಿಗೆ ಸೇರಿಸಿ ಕಟ್ಟಲು ಹೇಳಿದರೆ, ‘ಆಟೋಡಾಕ್‌ಸ್ಫಿಂಕ್ಸ್’ ಎಂದೇನೋ ಒಳಗೊಂಡ ಉದ್ದನೆಯ ಹೆಸರಿನ ವಿಸ್ತರಣೆ ಸಿಗುತ್ತಿಲ್ಲವೆಂದು ದೂರು ಬಂತು. ಅಂಥದೊಂದನ್ನು ನಾನು ಕೇಳಿಯೇ ಇರಲಿಲ್ಲವಾದ್ದರಿಂದ, ಅದನ್ನು ಎಲ್ಲಿಂದ ಇಳಿಸಿಕೊಳ್ಳಬೇಕೆಂದು ಇಡೀ ಮಧ್ಯಾಹ್ನ ಹುಡುಕಿದೆ. ಸಂಜೆ ಕರೆಂಟು ಹೋಯಿತು. ಯುಪಿಎಸ್ ಇರುವುದು ಕೆಳಗಿನ ಮನೆಯಲ್ಲಿ ಮಾತ್ರವಾದ್ದರಿಂದ ಲ್ಯಾಪ್‌ಟಾಪ್ ಹೊತ್ತು ಮೇಷ್ಟ್ರ ಜಗಲಿಗೆ ಇಳಿದೆ. ಅವರು ಕಾಫಿ ಲೋಟದೊಂದಿಗೆ ಪರದೆಯತ್ತ ಬಾಗಿ, ಕನ್ನಡಕ ಏರಿಸಿ ನೋಡಿದರು.

‘ಇಲ್ಲಿ ಎರಡು ಪದ ಕೂಡಿ ಸಂಧಿಯಾಗಿದೆಯಲ್ಲಪ್ಪ. ಆದರೆ ಆಗಮವೂ ಕಾಣೆ, ಆದೇಶವೂ ಕಾಣೆ. ಲೋಪಸಂಧಿಯೇ?’

ನೋಡಿದರೆ ಪಟ್ಟಿಯಲ್ಲಿ ಟುಡುವಿನ ಮೇಲಿದ್ದ ‘ಆಟೋಡಾಕ್’ ಎಂಬ ಇನ್ನೊಂದು ವಿಸ್ತರಣೆಯ ಹೆಸರಿನ ಮುಂದೆ ನಾನು ಅಲ್ಪವಿರಾಮ ಹಾಕಿರಲಿಲ್ಲ. ಉದ್ಧರಣ ಚಿಹ್ನೆಯೊಳಗಿನ ಎರಡು ಪಠ್ಯಗಳ ನಡುವೆ ಅಲ್ಪವಿರಾಮವಿಲ್ಲದಿದ್ದರೆ ಪೈಥಾನ್ ಯಾರನ್ನೂ ಕೇಳದೆ ಅವೆರಡನ್ನೂ ಬೆಸೆದುಬಿಡುತ್ತದೆ. ‘ಹೌದು ಸಾರ್, ಲೋಪವೇ, ನನ್ನದು’ ಎಂದು ಒಪ್ಪಿಕೊಂಡೆ. ಅವರಿಗೆ ಆ ಉತ್ತರ ಹಿಡಿಸಿರಬೇಕು. ಇನ್ನೊಂದು ಲೋಟ ಕಾಫಿ ಬಂತು.

ದೂರು ಕೊಡುವ ತಪ್ಪು ಎಷ್ಟೋ ಮೇಲು ಎಂಬುದು ಮುಂದಿನ ವಾರ ಗೊತ್ತಾಯಿತು. ಟುಡು ಟಿಪ್ಪಣಿಗಳು ಸಿದ್ಧ ಪುಟಗಳಲ್ಲಿ ಕಾಣಬೇಕೇ ಬೇಡವೇ ಎಂಬುದನ್ನು ನಿರ್ಧರಿಸುವ ಸೆಟ್ಟಿಂಗಿನ ಹೆಸರು ‘ಟುಡು ಇನ್‌ಕ್ಲೂಡ್ ಟುಡುಸ್’. ನಾವು ಮುಟ್ಟದಿದ್ದರೆ ಅದು ‘ಫಾಲ್ಸ್’, ಅಂದರೆ ಬೇಡ, ಎಂದೇ ಇರುತ್ತದೆ. ನನ್ನ ಅನುಕೂಲಕ್ಕೆಂದು ನಾನೇ ಅದನ್ನು ‘ಟ್ರೂ’ ಮಾಡಿಕೊಂಡಿದ್ದೆ. ಕೈಪಿಡಿಯನ್ನು ಗ್ರಾಹಕರಿಗೆ ಕಳಿಸುವ ದಿನ, ಮೇಲಿನ ಸಾಲನ್ನು ಹುಡುಕಿ ತಿದ್ದುವ ಸೋಮಾರಿತನಕ್ಕೆ, ಫೈಲಿನ ಕೊನೆಯಲ್ಲಿ ಅದೇ ಹೆಸರನ್ನು ಮತ್ತೆ ಬರೆದು ‘ಫಾಲ್ಸ್’ ಎಂದು ಕೊಟ್ಟೆ. ಪೈಥಾನಿನಲ್ಲಿ ಕೊನೆಗೆ ಹೇಳಿದ ಮಾತೇ ನಡೆಯುವುದರಿಂದ (ಈ ವಿಷಯದಲ್ಲಿ ಅದಕ್ಕೂ ನಮ್ಮ ಮನೆಗೂ ವ್ಯತ್ಯಾಸವಿಲ್ಲ) ಇದು ಸರಿಯಾದ ಉಪಾಯವೇ ಆಗಿತ್ತು. ಸಾಲದೆಂದು, ಪ್ರತಿ ಎಚ್ಚರಿಕೆಯನ್ನೂ ದೋಷವೆಂದೇ ಎಣಿಸುವ ಕಟ್ಟುನಿಟ್ಟಿನ ಆಯ್ಕೆಯನ್ನೂ ಹಾಕಿ ಕಟ್ಟಿಸಿದೆ. ಒಂದು ಚಕಾರವೂ ಏಳಲಿಲ್ಲ. ಮೊದಲ ಪುಟವನ್ನಷ್ಟೇ ನೋಡಿ, ಕಳಿಸಿ, ನಿಶ್ಚಿಂತೆಯಿಂದ ದೇವರಾಜ ಮಾರುಕಟ್ಟೆಗೆ ತರಕಾರಿ ತರಲು ಹೋದೆ.

ಬದನೆಕಾಯಿ ಆರಿಸುತ್ತಿದ್ದಾಗ ನಮ್ಮ ಮ್ಯಾನೇಜರರ ಫೋನು ಬಂತು. ‘ಏಳನೇ ಅಧ್ಯಾಯದಲ್ಲಿ, “ಈ ಭಾಗ ಮ್ಯಾನೇಜರರು ವಿವರಿಸಿದ್ದು, ನನಗೆ ಅರ್ಥವಾಗಿಲ್ಲ, ಅವರಿಗೂ ಆದಂತಿಲ್ಲ” ಎಂದಿದೆಯಲ್ಲ, ಇದು ಗ್ರಾಹಕರಿಗೆ ಸೂಚನೆಯೋ?’ ಎಂದು ಬಹಳ ಸೌಮ್ಯವಾಗಿ ಕೇಳಿದರು. ಅದೊಂದೇ ಆಗಿದ್ದರೆ ಹೇಗೋ ಸಾವರಿಸಿಕೊಳ್ಳಬಹುದಿತ್ತು. ಇಂಥ ಟಿಪ್ಪಣಿಗಳನ್ನೆಲ್ಲ ಒಟ್ಟುಗೂಡಿಸಿ, ಯಾವುದು ಎಲ್ಲಿಂದ ಬಂತೆಂಬ ಕೊಂಡಿಯ ಸಮೇತ ಒಂದೇ ಪುಟದಲ್ಲಿ ಜೋಡಿಸಿಡುವ ಸೌಲಭ್ಯವೂ ಆ ವಿಸ್ತರಣೆಯಲ್ಲಿದ್ದು, ಅದನ್ನೂ ನಾನು ಶ್ರದ್ಧೆಯಿಂದ ಬಳಸಿಕೊಂಡಿದ್ದೆ.

ಆ ರಾತ್ರಿ ಫೈಲನ್ನು ಹತ್ತು ಸಲ ಓದಿದರೂ ನನಗೆ ತಪ್ಪು ಕಾಣಲಿಲ್ಲ. ಬೆಳಗ್ಗೆ ಅದನ್ನು ಮುದ್ರಿಸಿ ಮೇಷ್ಟ್ರಿಗೆ ಕೊಟ್ಟೆ. ಅವರು ಕೆಂಪು ಪೆನ್ನು ಹಿಡಿದು ಒಂದು ಗಂಟೆ ಕುಳಿತರು. ‘ಮೇಲೆ ಟುಡುಸ್ ಎಂದು ಬಹುವಚನ, ಕೆಳಗೆ ಟುಡು ಎಂದು ಏಕವಚನ. ಯಾವುದಪ್ಪಾ ಸರಿ?’

ಕೊನೆಯ ಸಾಲಿನಲ್ಲಿ ಒಂದು ಅಕ್ಷರ ಕಡಿಮೆಯಾಗಿ ಮೇಲಿನ ‘ಟ್ರೂ’ವೇ ಉಳಿದಿತ್ತು, ಅಷ್ಟೆ. ಇದೇ ಹೆಸರನ್ನು ಕಟ್ಟುವ ಆಜ್ಞೆಯ ಜೊತೆಗೇ ತಪ್ಪಾಗಿ ಕೊಟ್ಟಿದ್ದರೆ ಸ್ಫಿಂಕ್ಸ್ ‘ಇಂಥ ಸೆಟ್ಟಿಂಗ್ ನಾನರಿಯೆ’ ಎಂದು ಎಚ್ಚರಿಸುತ್ತದೆ. ಫೈಲಿನೊಳಗೆ ಬರೆದರೆ ಮಾತ್ರ, ಪ್ರೋಗ್ರಾಮಿನಲ್ಲಿ ಇವನು ತನ್ನ ಸ್ವಂತಕ್ಕೇನೋ ಇಟ್ಟುಕೊಂಡಿದ್ದಾನೆ ಎಂದು ಭಾವಿಸಿ ಸಭ್ಯತೆಯಿಂದ ಸುಮ್ಮನಾಗುತ್ತದೆ. ನಾನು ಹಾಕಿದ್ದ ಕಟ್ಟುನಿಟ್ಟೆಲ್ಲ ಎಚ್ಚರಿಕೆ ಬಂದರೆ ತಾನೆ ಕೆಲಸಕ್ಕೆ ಬರುವುದು!

ಮೇಷ್ಟ್ರು ಹಾಳೆಯನ್ನು ಹಿಂದಿರುಗಿಸಿದರು. ವಚನದೋಷಕ್ಕೆ ಒಂದು ಸುತ್ತು, ಹಕ್ಕುಸ್ವಾಮ್ಯದ ಸಾಲಿನಲ್ಲಿ ಯಾರೂ ಬದಲಿಸದೆ ಉಳಿದಿದ್ದ 2019ಕ್ಕೆ ಇನ್ನೊಂದು ಸುತ್ತು, ಮೇಲ್ತುದಿಯಲ್ಲಿ 25ಕ್ಕೆ 11 ಅಂಕ. ‘ಪಾಸಾದೆನಲ್ಲ ಸಾರ್’ ಎಂದೆ.

‘ಕೃಪಾಂಕ ಸೇರಿಸಿದ್ದೇನೆ’ ಎಂದರು.